ಎಷ್ಟು ಟೆಸ್ಲಾ ಅಂತ ಕೇಳೋ ಮೊದಲು

ಬ್ಲಾಗಿಗೆ ಬೂಷ್ಟು ಹಿಡಿದು ನಾಲ್ಕು ತಿಂಗಳಾಯ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಅಪ್ಪನ ಬೆನ್ನಿನ ಹಿಂದೆ ಓಡಾಡ್ತಾ ಇದ್ದೆ. ಅಕ್ಷರಶಃ ಬೆನ್ನಿನ ಹಿಂದೆ. ಈಗ ಸ್ವಲ್ಪ ಪುರುಸೊತ್ತು ಸಿಕ್ಕಿದೆ, ಸಿಟ್ಟೂ ಸ್ವಲ್ಪ ಆರಿದೆ. ಸಿಟ್ಟಿನಲ್ಲಿ ಬರೆದಿದ್ದರೆ ನೀವು ಯಾರೂ ಓದ್ತಿರಲಿಲ್ಲ ಬಿಡಿ :-)

ನಮ್ಮೂರು ಲಕ್ಷ್ಮೇಶ್ವರ. ಅಪ್ಪನಿಗೆ 2011ರಲ್ಲಿ ಸೊಂಟದ ಹತ್ತಿರ ಬೆನ್ನುಮೂಳೆಯ ಆಪರೇಷನ್ ಆಗಿತ್ತು. ನಾಲ್ಕು ಟೈಟೇನಿಯಂ ಸ್ಕ್ರೂ, ಎರಡು ಸರಳು. ಅಷ್ಟು ವರ್ಷ ಏನೂ ತೊಂದರೆ ಇರಲಿಲ್ಲ, ಹೊಲಕ್ಕೂ ಹೋಗಿ ಬರ್ತಿದ್ದರು. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದಿನ ಅವ್ವ ಫೋನಿನಲ್ಲಿ, "ನಿಮ್ಮಪ್ಪಂದು ಬಲಗಾಲಿನ ಚಪ್ಪಲಿ ನಡಕೋಂತ ನಡಕೋಂತ ಬಿಚ್ಚಿ ಹೋಗತೈತಿ, ಅವರಿಗೆ ಗೊತ್ತ ಆಗಂಗಿಲ್ಲ" ಅಂದಳು. ನಗುತ್ತಲೇ ಹೇಳಿದ್ದಳು. ನಾನೂ ನಕ್ಕೆ. ಆಮೇಲೆ ಊರಿಗೆ ಹೋದಾಗ ನೋಡಿದೆ, ಅಪ್ಪನಿಗೆ ಬಲಗಾಲಿನ ಹೆಬ್ಬೆರಳು ಮೇಲಕ್ಕೆ ಎತ್ತೋಕೆ ಆಗ್ತಾ ಇರಲಿಲ್ಲ. ನರ ಎಲ್ಲೋ ಒತ್ತಿಕೊಂಡಿದೆ ಅನ್ನೋದಕ್ಕೆ ಡಾಕ್ಟರೇ ಬೇಕಾಗಿರಲಿಲ್ಲ. ಎಲ್ಲಿ ಒತ್ತಿಕೊಂಡಿದೆ ಅನ್ನೋದಕ್ಕೆ ಎಂಆರ್‌ಐ ಬೇಕಿತ್ತು.

ಮೊದಲನೇ ಎಂಆರ್‌ಐ ಆಯ್ತು. ಎಲ್ಲಿ ಅಂತ ಹೇಳೋಲ್ಲ. ಫಿಲ್ಮು ಬೆಳಕಿಗೆ ಹಿಡಿದು ನೋಡಿದರೆ ಸ್ಕ್ರೂ ಇದ್ದ ಜಾಗದಲ್ಲಿ ನಾಲ್ಕು ದೊಡ್ಡ ಕಪ್ಪು ಕಲೆ, ಅದರ ಅಂಚಿಗೆ ಬೆಳ್ಳಗೆ ಹೊಳೆಯೋ ಗೆರೆ. ಶಾಯಿ ಚೆಲ್ಲಿದ ಹಾಗೆ. ನರ ಇರಬೇಕಾದ ಜಾಗವೂ ಆ ಶಾಯಿಯೊಳಗೇ. ರಿಪೋರ್ಟಿನಲ್ಲಿ, ಲೋಹದಿಂದಾಗಿ ಚಿತ್ರ ಕೆಟ್ಟಿದೆ, ಆ ಭಾಗದ ಬಗ್ಗೆ ಏನೂ ಹೇಳೋಕೆ ಬರೋದಿಲ್ಲ ಅನ್ನೋ ಅರ್ಥದ ಒಂದು ಸಾಲು. ದುಡ್ಡು ಮಾತ್ರ ಪೂರ್ತಿ ತಗೊಂಡ್ರು.

ಶಿರಹಟ್ಟಿಯ ನಮ್ಮ ಸೋದರಮಾವ ಇಂಥ ವಿಷಯಕ್ಕೆಲ್ಲ ತಜ್ಞ. "ಅದು ಸಣ್ಣ ಮಷೀನ್ ತಮ್ಮಾ. ಒಂದೂವರಿ ಟೆಸ್ಲಾ. ಬೆಂಗಳೂರಾಗ ಮೂರು ಟೆಸ್ಲಾದ್ದು ಐತಿ, ಅದರಾಗ ಮಾಡಸು, ಎಲ್ಲಾ ಕಾಣತೈತಿ" ಅಂದ. ಇಂಜಿನಿಯರಿಂಗ್ ಓದಿದ ನಾನು ಏನು ಮಾಡಬೇಕಿತ್ತು? ಒಂದು ಗಂಟೆ ಕೂತು ಓದಬೇಕಿತ್ತು. ಓದಲಿಲ್ಲ. ಮೂರು ಒಂದೂವರೆಗಿಂತ ದೊಡ್ಡದು, ಅಷ್ಟೇ ತಾನೆ? ಹಳೇ ಟ್ರಂಕಿನಿಂದ 2011ರ ಡಿಸ್ಚಾರ್ಜ್ ಪತ್ರ ಹುಡುಕಿ ತೆಗೆದು, ಆ ಸ್ಕ್ರೂಗಳಿಗೆ ಮೂರು ಟೆಸ್ಲಾದಲ್ಲಿ ಅಪಾಯ ಇಲ್ಲ ಅಂತ ಡಾಕ್ಟರಿಂದ ಖಾತ್ರಿ ಮಾಡಿಕೊಂಡು, ಅಪ್ಪನನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಕರ್ಕೊಂಡು ಬಂದೆ. ಕಾಲು ಜೋಮು ಹಿಡಿದ ಮನುಷ್ಯನನ್ನು ರಾತ್ರಿಯಿಡೀ ಕೂರಿಸಿಕೊಂಡು ಬಂದದ್ದು ನೆನೆದರೆ ಈಗಲೂ ಬೇಜಾರಾಗುತ್ತೆ.

ಮೂರು ಟೆಸ್ಲಾದ ಚಿತ್ರದಲ್ಲಿ ಕಲೆ ಇನ್ನೂ ದೊಡ್ಡದಾಗಿತ್ತು.

ಹೌದು, ದೊಡ್ಡದು. ಮೊದಲಿನದರಲ್ಲಿ ಕಾಣ್ತಿದ್ದ ಒಂಚೂರು ಅಂಚು ಕೂಡ ಇದರಲ್ಲಿ ಹೋಗಿತ್ತು. ಅವತ್ತು ರಾತ್ರಿ ನಾನು ಆ ಒಂದು ಗಂಟೆ ಓದಿದೆ. ಆಮೇಲೆ ಇನ್ನೂ ಹತ್ತು ರಾತ್ರಿ ಓದಿದೆ. ಓದಿದ್ದರಲ್ಲಿ ಅರ್ಥವಾದದ್ದನ್ನು ಇಲ್ಲಿ ಹೇಳ್ತೀನಿ. ವೈದ್ಯಕೀಯ ಓದಿದವರು ಯಾರಾದರೂ ಇದ್ದರೆ ತಪ್ಪಿದ್ದಲ್ಲಿ ಕಿವಿ ಹಿಂಡಿ.

ಎಂಆರ್‌ಐ ಅಂದರೆ ದೊಡ್ಡ ಎಕ್ಸರೇ ಅಂತ ನಮ್ಮ ಕಡೆ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ. ಅದರಲ್ಲಿ ಎಕ್ಸರೇ ಇಲ್ಲವೇ ಇಲ್ಲ. ಅದು ಒಂದು ರೇಡಿಯೋ. ಮೈಯಲ್ಲಿರೋ ನೀರಿನಲ್ಲಿ, ಕೊಬ್ಬಿನಲ್ಲಿ ಹೈಡ್ರೋಜನ್ ಇದೆ. ಅದರ ನಡುವಿನ ಪ್ರೋಟಾನು ಬುಗುರಿ ಇದ್ದ ಹಾಗೆ. ಅಯಸ್ಕಾಂತದೊಳಗೆ ಇಟ್ಟರೆ ಅದು ಒಂದು ಲೆಕ್ಕದಲ್ಲಿ ತೂಗಾಡುತ್ತಾ ತಿರುಗುತ್ತೆ. ಟೆಸ್ಲಾ ಒಂದಕ್ಕೆ 42.58 ಮೆಗಾಹರ್ಟ್ಸ್, ಇದು ನಿಯಮ. ಒಂದೂವರೆ ಟೆಸ್ಲಾದಲ್ಲಿ ಸುಮಾರು 64, ಮೂರು ಟೆಸ್ಲಾದಲ್ಲಿ ಸುಮಾರು 128 ಮೆಗಾಹರ್ಟ್ಸ್. ನಮ್ಮ ಎಫ್‌ಎಂ ಸ್ಟೇಷನ್ನುಗಳೆಲ್ಲ 88ರಿಂದ 108ರ ನಡುವೆ ಇರೋದು, ಅಂದರೆ ಅವುಗಳ ಅಕ್ಕಪಕ್ಕದ ಮನೆಯೇ ಇದು. ನಮ್ಮಪ್ಪ ಬೆಳಿಗ್ಗೆ ಹಚ್ಚುತ್ತಿದ್ದ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಅಲೆಗೆ ಪ್ರೋಟಾನು ಕುಣಿಯಬೇಕಾದರೆ 0.018 ಟೆಸ್ಲಾ ಸಾಕು (ಲೆಕ್ಕ ಹಾಕಿ ನೋಡಿದೆ, ಬೇರೆ ಕೆಲಸ ಇರಲಿಲ್ಲ).

ಅಯಸ್ಕಾಂತ ಮಾಡೋದು ಅಷ್ಟೇ, ಬುಗುರಿಗಳನ್ನು ಸಾಲಾಗಿ ನಿಲ್ಲಿಸೋದು. ಅದರಿಂದ ಚಿತ್ರ ಬರೋಲ್ಲ. ಅದೇ ಲೆಕ್ಕದ ರೇಡಿಯೋ ಅಲೆಯನ್ನು ಒಂದೆರಡು ಮಿಲಿಸೆಕೆಂಡು ಬಿಟ್ಟು ಬುಗುರಿಗಳನ್ನು ಓರೆ ಮಾಡಬೇಕು, ಆಗ ಅವು ಉಲೀತಾವೆ. ಆ ಒಂದೆರಡು ಮಿಲಿಸೆಕೆಂಡಿನ ಅಲೆಗೇ ಪಲ್ಸ್ ಅನ್ನೋದು. ಯಾವ ಆಕಾರದ ಪಲ್ಸು, ಎಷ್ಟು ಉದ್ದದ್ದು, ಎಷ್ಟು ಡಿಗ್ರಿ ತಿರುಗಿಸೋದು, ಒಂದಾದ ಮೇಲೆ ಒಂದು ಎಷ್ಟು ಹೊತ್ತಿಗೆ - ಈ ಸರಣಿಗೆ ಸೀಕ್ವೆನ್ಸ್ ಅಂತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಯಸ್ಕಾಂತ ಹಾರ್ಡ್‌ವೇರು, ಪಲ್ಸಿನ ಸರಣಿ ಪ್ರೋಗ್ರಾಮು. ಪ್ರಶ್ನೆ ಕೇಳೋದು ಪಲ್ಸು, ಮೈ ಬರೀ ಉತ್ತರ ಕೊಡುತ್ತೆ. ತಪ್ಪು ಪ್ರಶ್ನೆ ಕೇಳಿದರೆ ಎಷ್ಟು ಟೆಸ್ಲಾ ಇದ್ದರೂ ತಪ್ಪು ಉತ್ತರವೇ.

ಮತ್ತೆ ಆ ಖಟ ಖಟ ಸದ್ದು? ಅದು ಪಲ್ಸಿನದ್ದಲ್ಲ, ಯಾವ ಸಂಕೇತ ಎಲ್ಲಿಂದ ಬಂತು ಅಂತ ಗುರುತು ಹಚ್ಚೋಕೆ ಇರೋ ಗ್ರೇಡಿಯೆಂಟ್ ಸುರುಳಿಗಳದ್ದು. ಅಪ್ಪ ಹೊರಗೆ ಬಂದು ಹೇಳಿದ್ದು: "ಬೆಟಗೇರಿಯೊಳಗ ಮಗ್ಗದ ಮನ್ಯಾಗ ಮಲಗಿದಂಗ ಆತು."

ಈಗ ಸ್ಕ್ರೂ ವಿಷಯಕ್ಕೆ ಬರೋಣ. ಲೋಹ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಸೊಟ್ಟ ಮಾಡುತ್ತೆ. ಅಲ್ಲಿನ ಪ್ರೋಟಾನುಗಳು 64 ಮೆಗಾಹರ್ಟ್ಸ್ ಬಿಟ್ಟು ಒಂದಿಷ್ಟು ಸಾವಿರ ಹರ್ಟ್ಸ್ ಆಚೀಚೆ ಉಲಿಯುತ್ತವೆ. ಯಂತ್ರ ಜಾಗ ಗುರುತಿಸೋದೇ ಉಲಿಯೋ ಲೆಕ್ಕದ ಮೇಲೆ. ಹಾಗಾಗಿ ಇಲ್ಲಿರೋ ಪ್ರೋಟಾನನ್ನು ಅಲ್ಲಿದೆ ಅಂತ ಬರ್ಕೊಳ್ಳುತ್ತೆ. ಇಲ್ಲಿ ಕಪ್ಪು ತೂತು, ಅಲ್ಲಿ ಬಿಳೀ ರಾಶಿ. ಅಯಸ್ಕಾಂತ ಎರಡು ಪಟ್ಟು ಜೋರಾದರೆ ಈ ಸೊಟ್ಟವೂ ಎರಡು ಪಟ್ಟು. ನಾನು ರಾತ್ರಿ ಬಸ್ಸು ಹತ್ತಿಸಿದ್ದು ಎರಡು ಪಟ್ಟು ಸೊಟ್ಟಕ್ಕೆ.

ಇನ್ನೊಂದು ಸಂಗತಿ ಇದೆ. ಬೆನ್ನಿನ ಎಂಆರ್‌ಐನಲ್ಲಿ ಕೊಬ್ಬು ಬೆಳ್ಳಗೆ ಹೊಳೆದು ಊತವನ್ನು ಮುಚ್ಚಿಬಿಡುತ್ತೆ. ಅದಕ್ಕೆ ಕೊಬ್ಬಿನ ಬಾಯಿ ಮುಚ್ಚಿಸಬೇಕು. ಸಾಮಾನ್ಯ ವಿಧಾನ ಏನಂದರೆ, ಒಂದೂವರೆ ಟೆಸ್ಲಾದಲ್ಲಿ ಕೊಬ್ಬು ನೀರಿಗಿಂತ ಸುಮಾರು 220 ಹರ್ಟ್ಸ್ ಕೆಳಗೆ ಉಲಿಯುತ್ತೆ, ಸರಿಯಾಗಿ ಆ ಲೆಕ್ಕಕ್ಕೇ ಒಂದು ಪಲ್ಸ್ ಬಿಟ್ಟು ಕೊಬ್ಬನ್ನು ಮೊದಲೇ ಸುಸ್ತು ಮಾಡೋದು. ಸ್ಕ್ರೂ ಇಲ್ಲದ ಬೆನ್ನಿನಲ್ಲಿ ಇದು ಚೆಂದ ಕೆಲಸ ಮಾಡುತ್ತೆ. ಸ್ಕ್ರೂ ಪಕ್ಕದಲ್ಲಿ ಸಾವಿರಗಟ್ಟಲೆ ಹರ್ಟ್ಸ್ ಏರುಪೇರಾಗಿರುವಾಗ 220ರ ಲೆಕ್ಕ ಎಲ್ಲಿಯದು? ಪಲ್ಸು ಗುರಿ ತಪ್ಪಿ, ಕೊಬ್ಬು ಹಾಗೇ ಉಳಿದು, ಕೆಲವು ಕಡೆ ನೀರಿನದ್ದೇ ಬಾಯಿ ಮುಚ್ಚಿ ಹೋಗುತ್ತೆ.

ಇದಕ್ಕೆ ಮದ್ದು ಹೊಸದೇನಲ್ಲ. ಸ್ಟಿರ್ ಅಂತ ಒಂದು ಸೀಕ್ವೆನ್ಸ್ 1980ರ ದಶಕದಿಂದಲೇ ಇದೆ. ಅದು ಕೊಬ್ಬಿನ ಲೆಕ್ಕ ಹುಡುಕಿಕೊಂಡು ಹೋಗೋಲ್ಲ. ಒಂದು 180 ಡಿಗ್ರಿ ಪಲ್ಸ್ ಬಿಟ್ಟು ನೀರು, ಕೊಬ್ಬು ಎಲ್ಲವನ್ನೂ ತಲೆಕೆಳಗು ಮಾಡುತ್ತೆ. ಎಲ್ಲವೂ ನಿಧಾನಕ್ಕೆ ಏಳ್ತಾವೆ. ಕೊಬ್ಬು ಬೇಗ ಏಳುತ್ತೆ, ನೀರು ತಡ. ಒಂದೂವರೆ ಟೆಸ್ಲಾದಲ್ಲಿ ಸುಮಾರು 150ರಿಂದ 170 ಮಿಲಿಸೆಕೆಂಡಿಗೆ ಕೊಬ್ಬು ಸರಿಯಾಗಿ ಸೊನ್ನೆ ದಾಟ್ತಾ ಇರುತ್ತೆ. ಆ ಕ್ಷಣಕ್ಕೆ ಮುಂದಿನ ಪಲ್ಸ್ ಬಿಟ್ಟರೆ ಕೊಬ್ಬಿನ ಕಡೆಯಿಂದ ಉತ್ತರವೇ ಇಲ್ಲ! ಎಷ್ಟು ಸರಳ ನೋಡಿ. ಲೆಕ್ಕ ಕೆಟ್ಟಿದ್ದರೂ ಸಮಯ ಕೆಟ್ಟಿರೋಲ್ಲ. ಸಂಕೇತ ಸ್ವಲ್ಪ ಕಡಿಮೆಯಾಗುತ್ತೆ, ಚಿತ್ರ ಒಂಚೂರು ಕಾಳುಕಾಳಾಗಿರುತ್ತೆ, ಆದರೆ ಸುಳ್ಳು ಹೇಳೋಲ್ಲ.

ಇನ್ನು ಅದಕ್ಕೂ ಹಳೇದು, 1950ರಲ್ಲಿ ಹಾನ್ ಕಂಡುಹಿಡಿದ ಸ್ಪಿನ್ ಎಕೋ. ನಮ್ಮ ಸಾಲಿಯಲ್ಲಿ ಪಿಟಿ ಮಾಸ್ತರರು ಓಟಕ್ಕೆ ಬಿಟ್ಟಾಗ ಜೋರಿನವರು ಮುಂದೆ, ನಮ್ಮಂಥವರು ಹಿಂದೆ. ಅರ್ಧ ನಿಮಿಷಕ್ಕೆ ಮಾಸ್ತರರು ಪೀಛೇ ಮುಡ್ ಅಂತ ಕೂಗಿದರು ಅನ್ನಿ. ಎಲ್ಲರೂ ತಿರುಗಿ ಅದೇ ಜೋರಿನಲ್ಲಿ ಓಡಿದರೆ ಇನ್ನರ್ಧ ನಿಮಿಷಕ್ಕೆ ಎಲ್ಲರೂ ಒಟ್ಟಿಗೇ ಗೆರೆ ಮುಟ್ತಾರೆ. ನಡುವೆ ಬಿಡೋ 180 ಡಿಗ್ರಿ ಪಲ್ಸು ಈ ಪೀಛೇ ಮುಡ್. ಸೊಟ್ಟ ಕ್ಷೇತ್ರದಲ್ಲಿ ಚದುರಿ ಹೋದ ಪ್ರೋಟಾನುಗಳನ್ನು ಮತ್ತೆ ಕೂಡಿಸುತ್ತೆ. ಈ ಪಲ್ಸ್ ಇಲ್ಲದ ಗ್ರೇಡಿಯೆಂಟ್ ಎಕೋ ಬಳಸಿದರೆ ಬೇಗ ಮುಗಿಯುತ್ತೆ ನಿಜ, ಆದರೆ ಸ್ಕ್ರೂ ಪಕ್ಕ ಬರೀ ಕತ್ತಲೆ.

2009ರ ಹೊತ್ತಿಗೆ ಇನ್ನೂ ಬುದ್ಧಿವಂತ ವಿಧಾನಗಳು ಬಂದವು. ಮ್ಯಾವ್ರಿಕ್ ಅನ್ನೋದರಲ್ಲಿ ಒಂದೇ ಪಲ್ಸಿನಿಂದ ಎಲ್ಲರನ್ನೂ ಮಾತಾಡಿಸೋ ಬದಲು, ಸ್ವಲ್ಪ ಸ್ವಲ್ಪವೇ ಲೆಕ್ಕ ಸರಿಸುತ್ತಾ ಬೇರೆ ಬೇರೆ ಪಲ್ಸ್ ಬಿಟ್ಟು ಕೊನೆಗೆ ಎಲ್ಲ ಚಿತ್ರ ಕೂಡಿಸ್ತಾರೆ. ಹಳೇ ರೇಡಿಯೋದ ಮುಳ್ಳು ಆಚೀಚೆ ತಿರುವಿ ಸ್ಟೇಷನ್ ಹುಡುಕಿದ ಹಾಗೆ. ಸೀಮ್ಯಾಕ್ ಅಂತ ಇನ್ನೊಂದಿದೆ, ಅದು ಪ್ರತಿ ಹೋಳು ಎಷ್ಟು ಬಾಗಿದೆ ಅಂತ ಅಳೆದು ವಾಪಸ್ ಜಾಗಕ್ಕೆ ಕೂರಿಸುತ್ತೆ. ಸಮಯ ಜಾಸ್ತಿ ಬೇಕು, ಅಷ್ಟೇ.

ಅಪ್ಪನ ಮೂರನೇ ಸ್ಕ್ಯಾನು ಮತ್ತೆ ನಮ್ಮ ಕಡೆಗೇ ಆಯ್ತು, ಒಂದೂವರೆ ಟೆಸ್ಲಾದ ಹಳೇ ಯಂತ್ರದಲ್ಲಿ. ಅಲ್ಲಿದ್ದ ಟೆಕ್ನಿಷಿಯನ್ ಹುಡುಗ ಮುಂಡರಗಿ ಕಡೆಯವನು, ನನಗಿಂತ ಚಿಕ್ಕವನು. ಹಿಂದಿನ ಎರಡೂ ಫಿಲ್ಮು ನೋಡಿ, "ಕಾಕಾ, ಇದರಾಗ ಫ್ಯಾಟ್ ಸ್ಯಾಟ್ ಹಾಕ್ಯಾರ್ರಿ, ಹೆಂಗ ಬರತೈತಿ? ನೀವೊಂದೀಟು ಜಾಸ್ತಿ ಹೊತ್ತು ಅಲಗಾಡಬ್ಯಾಡ್ರಿ, ನಾ ತಗದ ಕೊಡ್ತೀನಿ" ಅಂದ. ಆ ಯಂತ್ರದಲ್ಲಿ ಸೀಮ್ಯಾಕೂ ಇರಲಿಲ್ಲ, ಮ್ಯಾವ್ರಿಕ್ಕೂ ಇರಲಿಲ್ಲ. ಅವನು ಮಾಡಿದ್ದು ಇಷ್ಟು: ಫ್ಯಾಟ್ ಸ್ಯಾಟ್ ತೆಗೆದು ಸ್ಟಿರ್ ಹಾಕಿದ, ಬ್ಯಾಂಡ್‌ವಿಡ್ತ್ ಏರಿಸಿದ, ಹೋಳು ತೆಳ್ಳಗೆ ಮಾಡಿದ, ಕಲೆ ನರದ ಕಡೆಗೆ ಹರಡದೆ ಬೇರೆ ದಿಕ್ಕಿಗೆ ಹರಡೋ ಹಾಗೆ ಎನ್‌ಕೋಡಿಂಗ್ ದಿಕ್ಕು ಅದಲುಬದಲು ಮಾಡಿದ. ಒಂದು ರೂಪಾಯಿ ಹೊಸ ಸಾಮಾನಿಲ್ಲ. ಹೆಚ್ಚುವರಿ ಖರ್ಚು ಅಂದರೆ ಹದಿನೈದು ಇಪ್ಪತ್ತು ನಿಮಿಷ.

ಕಲೆ ಪೂರ್ತಿ ಹೋಗಲಿಲ್ಲ. ಆದರೆ ಸ್ಕ್ರೂ ಹಾಕಿದ ಜಾಗದ ಸ್ವಲ್ಪ ಮೇಲೆ ಡಿಸ್ಕ್ ಹೊರಬಂದು ನರದ ಮೇಲೆ ಕೂತಿದ್ದು ಸ್ಪಷ್ಟವಾಗಿ ಕಂಡಿತು. ಮೊದಲ ಸ್ಕ್ಯಾನಿನಿಂದ ಅಲ್ಲಿಗೆ 19 ದಿನ ಆಗಿತ್ತು. ನರ ಒತ್ತಿಕೊಂಡಾಗ ದಿನಗಳು ಸುಮ್ಮನೆ ಹೋಗೋಲ್ಲ ಅಂತ ಆಪರೇಷನ್ ಮಾಡಿದ ಡಾಕ್ಟರು ಆಮೇಲೆ ಹೇಳಿದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ನಮ್ಮಲ್ಲಿ ಎಂಆರ್‌ಐ ಬಗ್ಗೆ ನಡೆಯೋ ಮಾತೆಲ್ಲ ಒಂದೇ. ಎಷ್ಟು ಟೆಸ್ಲಾ? ಬೋರ್ಡಿನ ಮೇಲೆ ಅದೇ, ಪೇಪರಿನಲ್ಲಿ ಅದೇ, ಸೋದರಮಾವನ ಬಾಯಲ್ಲೂ ಅದೇ. ಗದಗ ಬೆಟಗೇರಿಯಲ್ಲಿರಲಿ, ಶಿರಹಟ್ಟಿಯಲ್ಲಿರಲಿ, ಜನ ಮೊಬೈಲಿನ ಕ್ಯಾಮೆರಾಕ್ಕೆ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋ ಹಾಗೆ ಕೇಳ್ತಾರೆ. ಜೋರು ಅಯಸ್ಕಾಂತದಿಂದ ಲಾಭ ಇಲ್ಲ ಅಂತ ನಾನು ಹೇಳ್ತಿಲ್ಲ. ಒಂದೂವರೆ ಟೆಸ್ಲಾದಲ್ಲಿ ಹತ್ತು ಲಕ್ಷ ಪ್ರೋಟಾನಿಗೆ ಬರೀ ನಾಲ್ಕೈದರಷ್ಟು ಹೆಚ್ಚಳ ನಮಗೆ ಸಂಕೇತವಾಗಿ ಸಿಗೋದು, ಮೂರಾದರೆ ಅದು ಎರಡರಷ್ಟು. ಮೆದುಳಿಗೆ, ಮೊಣಕಾಲಿಗೆ ಮೂರು ಟೆಸ್ಲಾ ನಿಜವಾಗಿಯೂ ಚೆನ್ನ. ಆದರೆ ಪಲ್ಸಿನಿಂದ ಮೈಗೆ ಹತ್ತೋ ಬಿಸಿ ಸುಮಾರು ನಾಲ್ಕು ಪಟ್ಟಾಗುತ್ತೆ. 128 ಮೆಗಾಹರ್ಟ್ಸ್ ಅಲೆಯ ಉದ್ದ ಮೈಯೊಳಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟಕ್ಕೆ ಇಳಿದು ಹೊಟ್ಟೆಯ ಚಿತ್ರದಲ್ಲಿ ಅಲ್ಲಲ್ಲಿ ನೆರಳು ಬೀಳುತ್ತೆ. ಅದನ್ನು ಸರಿಮಾಡೋಕೂ ಮತ್ತೆ ಪಲ್ಸಿನ ವಿದ್ಯೆಯೇ ಬೇಕು.

ವಿಚಿತ್ರ ಅಂದರೆ ಈ ವಿದ್ಯೆ ನಮಗೆ ಪರದೇಶದ್ದಲ್ಲ. ಬೆಂಗಳೂರಿನ ಐಐಎಸ್ಸಿಯಲ್ಲಿ ಜಿ. ಸೂರ್ಯನ್ ಅನ್ನೋರು 1951ರಲ್ಲೇ ಹರಿಯೋ ನೀರಿನ ಮೇಲೆ ಈ ಪ್ರಯೋಗ ಮಾಡಿದ್ದರು. ನಿಂತ ನೀರಿಗೆ ಜೋರಾಗಿ ರೇಡಿಯೋ ಅಲೆ ಬಿಟ್ಟರೆ ಪ್ರೋಟಾನು ಸುಸ್ತಾಗಿ ಸಂಕೇತ ಇಳಿಯುತ್ತೆ. ನೀರು ಹರಿಯೋಕೆ ಬಿಟ್ಟರೆ ಸುಸ್ತಾಗದ ಹೊಸ ಪ್ರೋಟಾನು ಬಂದು ಸಂಕೇತ ಏರುತ್ತೆ. ಇದನ್ನು ಅವರು ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವತ್ತು ಸೂಜಿ ಚುಚ್ಚದೆ, ಔಷಧಿ ಹಾಕದೆ ಮೆದುಳಿನ ರಕ್ತನಾಳದ ಚಿತ್ರ ತೆಗೀತಾರಲ್ಲ, ಅದು ಇದೇ ತತ್ವ. ನಿಂತ ಭಾಗಕ್ಕೆ ಮೇಲಿಂದ ಮೇಲೆ ಪಲ್ಸ್ ಬಿಟ್ಟು ಸುಸ್ತು ಮಾಡ್ತಾರೆ, ಹರಿದು ಬಂದ ರಕ್ತ ಬೆಳ್ಳಗೆ ಹೊಳೆಯುತ್ತೆ. ಲಾಟರ್‌ಬರ್ ಮೊದಲ ಎಂಆರ್ ಚಿತ್ರ ಪ್ರಕಟಿಸಿದ್ದು 1973ರಲ್ಲಿ. ಸೂರ್ಯನ್ ಅವರದ್ದು ಅದಕ್ಕಿಂತ 22 ವರ್ಷ ಮೊದಲು.

ಇನ್ನೊಬ್ಬರು ಅನಿಲ್ ಕುಮಾರ್. ಲಾಟರ್‌ಬರ್ ಸುತ್ತಲಿಂದ ನೆರಳು ಹಿಡಿದು ಚಿತ್ರ ಕಟ್ಟಿದ್ದರು. 1975ರಲ್ಲಿ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ವೆಲ್ಟಿ, ಅರ್ನ್ಸ್ಟ್ ಮೂವರು, ಒಂದು ಪಲ್ಸ್ ಬಿಟ್ಟು ಗ್ರೇಡಿಯೆಂಟುಗಳನ್ನು ಒಂದಾದ ಮೇಲೊಂದು ಹಚ್ಚಿ ಫೋರಿಯೆ ಲೆಕ್ಕದಿಂದ ಚಿತ್ರ ತೆಗೆಯೋದನ್ನು ತೋರಿಸಿದರು. ಇವತ್ತಿನ ಯಂತ್ರಗಳು ಹೆಚ್ಚಾಗಿ ನಡೀತಿರೋದು ಆ ದಾರಿಯಲ್ಲೇ. ಅರ್ನ್ಸ್ಟ್‌ಗೆ 1991ರಲ್ಲಿ ನೊಬೆಲ್ ಬಂತು. ಅನಿಲ್ ಕುಮಾರ್ ಮುಂದೆ ದಶಕಗಳ ಕಾಲ ಐಐಎಸ್ಸಿಯಲ್ಲಿ ಪಾಠ ಮಾಡಿದರು. ನಾನು ಆರು ವರ್ಷದಿಂದ ಅದೇ ಕ್ಯಾಂಪಸ್ಸಿನ ಗೋಡೆ ಪಕ್ಕದಲ್ಲೇ ಆಫೀಸಿಗೆ ಹೋಗ್ತೀನಿ. ಅವರ ಹೆಸರು ಕೇಳಿದ್ದು ಅಪ್ಪನ ಕಾಲು ಜೋಮು ಹಿಡಿದ ಮೇಲೆ. ಫೋರಿಯೆಯನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ದಡ ಸೇರುವಷ್ಟು :-(

ಈಗ ನನ್ನ ತಕರಾರು. ಒಂದು, ಈ ಒಳ್ಳೇ ಸೀಕ್ವೆನ್ಸುಗಳನ್ನು ಯಂತ್ರ ಮಾರುವವರು ಬೇರೆ ಲೈಸೆನ್ಸಾಗಿ ಮಾರ್ತಾರೆ. ಕೋಟಿಗಟ್ಟಲೆ ಕೊಟ್ಟು ಅಯಸ್ಕಾಂತ ತಗೊಂಡವರು ಅಲ್ಲಿ ಕೈ ಬಿಗಿ ಹಿಡೀತಾರೆ, ಯಾಕಂದರೆ ಬೋರ್ಡಿನ ಮೇಲೆ ಬರೆಯೋಕೆ ಬರೋದು ಟೆಸ್ಲಾ, ಸೀಮ್ಯಾಕ್ ಅಲ್ಲ. ಸರ್ಕಾರ ಜಿಲ್ಲೆಗೊಂದು ಯಂತ್ರಕ್ಕೆ ಟೆಂಡರ್ ಕರೆಯುವಾಗ ಈ ಸೀಕ್ವೆನ್ಸುಗಳ ಪಟ್ಟಿಯೂ ಕಡ್ಡಾಯವಾಗಿ ಇರಬೇಕು. ನಮ್ಮ ಸೀಮೆಯಲ್ಲಿ ಬೈಕಿನಿಂದ ಬಿದ್ದು ರಾಡು ಹಾಕಿಸಿಕೊಂಡವರು ಓಣಿಗೊಬ್ಬರು ಇದ್ದಾರೆ.

ಎರಡು, ಟೆಕ್ನಿಷಿಯನ್ನು. ಇದೇ ದೊಡ್ಡದು ಅಂತ ನನ್ನ ಅಭಿಪ್ರಾಯ. ಒಂದೊಂದು ಸ್ಕ್ಯಾನಿಗೆ ಇಷ್ಟೇ ನಿಮಿಷ ಅಂತ ಕಟ್ಟಿ ಹಾಕಿ, ಬಟನ್ ಒತ್ತೋದನ್ನಷ್ಟೇ ಕಲಿಸಿದರೆ ಅವರಾದರೂ ಏನು ಮಾಡ್ತಾರೆ? ಮುಂಡರಗಿ ಹುಡುಗ ಎಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ, ಹಳೇ ಕೆಲಸದಲ್ಲಿ ಒಬ್ಬ ಸರ್ ಸಂಜೆ ಕೂರಿಸಿಕೊಂಡು ಹೇಳಿಕೊಡ್ತಿದ್ದರು ಅಂದ. ಅಂದರೆ ಅಪ್ಪನ ಕಾಲು ಉಳಿದದ್ದು ಯಾರೋ ಒಬ್ಬರ ಸಂಜೆಯ ಪುಣ್ಯದಿಂದ. ವ್ಯವಸ್ಥೆಯಿಂದಲ್ಲ.

ಮೂರನೇದು ನಮ್ಮಂಥವರಿಗೆ. ಪಲ್ಸ್‌ಸೀಕ್ ಅಂತ ಒಂದು ಮುಕ್ತ ತಂತ್ರಾಂಶ ಇದೆ, ಜರ್ಮನಿಯ ಫ್ರೈಬುರ್ಗ್‌ನವರದ್ದು, ಪ್ರಬಂಧ 2017ರದ್ದು. ಅದನ್ನೇ ಪೈಥಾನಿನಲ್ಲಿ ಬರೆಯೋ ಪೈಪಲ್ಸ್‌ಸೀಕ್ ಕೂಡ ಇದೆ. ಬೆಂಗಳೂರಿನ ದಯಾನಂದ ಸಾಗರ್ ಸಂಸ್ಥೆಯ ಸಂಶೋಧಕರು ಇದರ ಸುತ್ತ ಕೆಲಸ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಬೆಂಗಳೂರಿನದ್ದೇ ವಾಕ್ಸೆಲ್‌ಗ್ರಿಡ್ಸ್ ಕಂಪನಿ ಒಂದೂವರೆ ಟೆಸ್ಲಾದ ಯಂತ್ರವನ್ನೇ ಇಲ್ಲಿ ಕಟ್ಟಿ, ಅದು 2023ರಲ್ಲಿ ಬಿಡುಗಡೆಯಾಯ್ತು. ಹೊರಗಡೆ 0.064 ಟೆಸ್ಲಾದ, ಗಾಲಿ ಮೇಲೆ ತಳ್ಳಿಕೊಂಡು ಹೋಗೋ ಯಂತ್ರಕ್ಕೆ ಅಮೆರಿಕದಲ್ಲಿ 2020ರಲ್ಲೇ ಅನುಮತಿ ಸಿಕ್ಕಿದೆ. ಅಯಸ್ಕಾಂತ ಸಣ್ಣದಾದಷ್ಟೂ ಭಾರ ಬೀಳೋದು ಪ್ರೋಗ್ರಾಮಿನ ಮೇಲೆ. ಮುಂಡರಗಿ, ಶಿರಹಟ್ಟಿಯಂಥ ತಾಲೂಕು ಊರಿಗೆ ಯಾವತ್ತಾದರೂ ಎಂಆರ್‌ಐ ಬಂದರೆ ಅದು ಮೂರು ಟೆಸ್ಲಾ ಆಗಿರೋಲ್ಲ, ಇಂಥದ್ದೇ ಸಣ್ಣದಾಗಿರುತ್ತೆ ಅಂತ ನನಗೆ ಅನ್ನಿಸುತ್ತೆ. ಬ್ಯಾಂಕಿನ ಆ್ಯಪಿನ ಬಟನ್ನಿನ ಬಣ್ಣ ಬದಲಾಯಿಸೋ ಕೆಲಸ ಮಾಡ್ತಾ ಕೂತಿರೋ ನಾವು ಸಾವಿರಾರು ಜನ ಇದ್ದೀವಲ್ಲ, ನಮ್ಮಲ್ಲಿ ಹತ್ತು ಜನಕ್ಕಾದರೂ ಇದರ ರುಚಿ ಹತ್ತಬೇಕು. ಹೋದ ಶನಿವಾರ ಲ್ಯಾಪ್‌ಟಾಪಿನಲ್ಲಿ ನಲವತ್ತು ಸಾಲು ಬರೆದು ಸ್ಟಿರ್‌ನ ಮೊದಲ ಪಲ್ಸ್ ಚಿತ್ರಿಸಿದೆ. ಓಡಿಸೋಕೆ ಯಂತ್ರ ಇಲ್ಲ, ಪರದೆ ಮೇಲೆ ಒಂದು ಗೆರೆ ಅಷ್ಟೇ. ಆದರೂ ಈ ವರ್ಷ ಬರೆದ ಕೋಡಿನಲ್ಲಿ ಮನಸ್ಸಿಗೆ ಹಿಡಿಸಿದ್ದು ಅದೊಂದೇ.

ಮೈಯಲ್ಲಿ ಲೋಹ ಇರೋರು ನಿಮ್ಮ ಮನೆಯಲ್ಲಿದ್ದರೆ, ಸ್ಕ್ಯಾನಿಗೆ ಹೆಸರು ಬರೆಸುವಾಗಲೇ ಹೇಳಿ, ಹಳೇ ಆಪರೇಷನ್ನಿನ ಕಾಗದ ತಗೊಂಡು ಹೋಗಿ, ಲೋಹದ ಕಲೆ ಕಡಿಮೆ ಮಾಡೋ ಸೀಕ್ವೆನ್ಸ್ ಇದೆಯಾ, ಸ್ಟಿರ್ ಹಾಕ್ತೀರಾ ಅಂತ ಕೇಳಿ. ಮುಖ ನೋಡಿ ನಗಬಹುದು, ನಗಲಿ. ಪೇಸ್‌ಮೇಕರ್ ಇದ್ದವರದ್ದು ಬೇರೆಯೇ ಕಥೆ, ಅದಕ್ಕೆ ಡಾಕ್ಟರ ಮಾತೇ ಕೊನೆ.

ಅಪ್ಪನಿಗೆ ಜನವರಿಯಲ್ಲಿ ಆಪರೇಷನ್ ಆಯ್ತು. ನಡೀತಾರೆ. ಹೊಲಕ್ಕೂ ಹೋಗ್ತಾರೆ, ಅವ್ವನ ಬೈಗುಳ ತಿಂದು. ಹೆಬ್ಬೆರಳು ಮುಕ್ಕಾಲು ಪಾಲು ಏಳುತ್ತೆ, ಪೂರ್ತಿ ಅಲ್ಲ. ಮೊನ್ನೆ ಊರಿಗೆ ಹೋದಾಗ ಹಿಂದೆ ಪಟ್ಟಿ ಇರೋ ಚಪ್ಪಲಿ ತಂದುಕೊಟ್ಟೆ. "ಇದು ಸಾಲಿ ಹುಡುಗರ್ದು ಇದ್ದಂಗ ಐತಲ್ಲೋ ತಮ್ಮಾ" ಅಂದರು, ಆದರೂ ಹಾಕ್ಕೊಂಡು ಸೋಮೇಶ್ವರ ಗುಡಿಯ ತನಕ ಹೋಗಿ ಬಂದರು.